ಮಬ್ಬು ಹಿಡಿದ ಬೆಂಡೋಲೆ

ಹಳೆಯ ಒಡವೆಗೆ ಬೆಲೆ ಕಟ್ಟಿಸಲು ನನ್ನ ಹತ್ತಿರ ಬರುವವರಲ್ಲಿ ಎರಡು ಪಂಗಡ. ಒಡವೆ ತಮ್ಮ ಪಾಲಿಗೆ ಬರುವುದಿದ್ದರೆ ಬೆಲೆ ಕಡಿಮೆ ಇರಲಿ ಎನ್ನುವವರು ಒಂದು ಕಡೆ, ಅಣ್ಣತಮ್ಮಂದಿರ ಪಾಲಿಗೆ ಹೋಗುವುದಿದ್ದರೆ ಹೆಚ್ಚಿರಲಿ ಎನ್ನುವವರು ಇನ್ನೊಂದು ಕಡೆ. ಎರಡೂ ಪಂಗಡದವರು ಮನೆಗೆ ಕರೆಸಿಕೊಂಡಾಗ ಚಹಾ ಮಾತ್ರ ಒಂದೇ ಥರ ಕೊಡುತ್ತಾರೆ, ಸಕ್ಕರೆ ಜಾಸ್ತಿ ಹಾಕಿ. ಬೈಲಹೊಂಗಲದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ ನನ್ನದು. ಹರಳು ನೋಡುತ್ತೇನೆ, ಅಳೆಯುತ್ತೇನೆ, ಏನು ಕಂಡಿತೋ ಅದನ್ನು ಬರೆದು ಕೊಡುತ್ತೇನೆ. ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಅದಕ್ಕೇ ಜನ ನನ್ನನ್ನು ನಂಬುತ್ತಾರೆ, ಅದಕ್ಕೇ ನಾನು ಇನ್ನೂ ಬಾಡಿಗೆ ಕೋಣೆಯಲ್ಲಿದ್ದೇನೆ.

ಆ ದಿನ ಬೆಳಿಗ್ಗೆ ಬಂದ ಇಬ್ಬರು ಹೆಣ್ಣುಮಕ್ಕಳು ಈ ಯಾವ ಪಂಗಡಕ್ಕೂ ಸೇರಿರಲಿಲ್ಲ. ಒಬ್ಬರು ಐವತ್ತರ ಆಸುಪಾಸಿನವರು, ಸವದತ್ತಿಗೆ ಕೊಟ್ಟ ಹೆಣ್ಣುಮಗಳು. ಇನ್ನೊಬ್ಬರು ಅವರ ಅಣ್ಣನ ಹೆಂಡತಿ, ಸಂಪಗಾಂವದ ತವರುಮನೆಯ ಹಿರಿಯ ಸೊಸೆ. ಅಣ್ಣನ ಹೆಂಡತಿಯನ್ನು ನಾವು ಈ ಕಡೆ ವೈನಿ ಎನ್ನುತ್ತೇವೆ. ನಾದಿನಿ ಮತ್ತು ವೈನಿ ಒಂದೇ ಗಾಡಿಯಲ್ಲಿ ಬಂದಿದ್ದರೂ ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕುಳಿತರು. ನಾದಿನಿ ಚೀಲದಿಂದ ಸಣ್ಣ ಹಿತ್ತಾಳೆ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಬೆಲಿ ನನಗ ಬ್ಯಾಡ್ರಿ ಮೇಡಮ್ಮಾರ. ಇವು ನಮ್ಮವ್ವನ ಹರಳ ಹೌದೋ ಅಲ್ಲೋ, ಅಷ್ಟ ಹೇಳ್ರಿ."

ವೈನಿ ಕಿಟಕಿಯಾಚೆ ಜೋಳದ ಚೀಲ ಇಳಿಸುತ್ತಿದ್ದ ಲಾರಿಯನ್ನು ನೋಡುತ್ತಿದ್ದರು. ಆದರೆ ಅವರು ಲಾರಿಯನ್ನು ನೋಡುತ್ತಿಲ್ಲ ಎನ್ನುವುದು ನನಗೆ ತಿಳಿಯಿತು.

ನಡೆದದ್ದನ್ನು ನಾದಿನಿಯೇ ಹೇಳಿದರು. ಹೊಲಮನೆ ಗಟ್ಟಿಯಾಗಿದ್ದ ಕುಟುಂಬ. ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಬಂಗಾರವನ್ನು ಮಕ್ಕಳು ಜಗಳವಿಲ್ಲದೆ ಹಂಚಿಕೊಂಡಿದ್ದರು. ಮಗಳು ನೆನಪಿಗೆಂದು ಬಾಯಿಬಿಟ್ಟು ಕೇಳಿದ್ದು ಈ ಬೆಂಡೋಲೆಯನ್ನು ಮಾತ್ರ. ಅಣ್ಣ ಹೂಂ ಅಂದಿದ್ದ, ವೈನಿ ತಾವೇ ಕಪಾಟಿನಿಂದ ತೆಗೆದು ಕೊಟ್ಟಿದ್ದರು. ಹರಳು ಮಬ್ಬಾಗಿವೆಯಲ್ಲ, ಹೊಳಪು ಕೊಡಿಸೋಣವೆಂದು ಮಗಳು ರಾಮದುರ್ಗದಲ್ಲಿ ಗಂಡನ ಕಡೆಯ ನೆಂಟರೊಬ್ಬರ ಅಂಗಡಿಗೆ ಒಯ್ದರು. ಅಂಗಡಿಯಾತ ಬಿಳಿ ದೀಪದ ಕೆಳಗೆ ಹಿಡಿದು ನೋಡಿ, ನಡುವಿನವು ಸರಿಯಿವೆ, ಸುತ್ತಿನವು ವಜ್ರದ ಹಾಗೆ ಕಾಣುವುದಿಲ್ಲ, ಯಾರೋ ಬದಲಿ ಮಾಡಿರಬೇಕು ಎಂದುಬಿಟ್ಟ. ತಾಯಿಯ ಕಣ್ಣು ಮಂದವಾದಾಗಿನಿಂದ ಕಪಾಟಿನ ಕೀಲಿ ಇದ್ದದ್ದು ಈ ಹಿರಿಯ ಸೊಸೆಯ ಸೊಂಟದಲ್ಲಿ. ಅಂಗಡಿಯ ಮಾತು ನೆಂಟರ ಬಾಯಿಗೆ ಬಿತ್ತು, ನೆಂಟರ ಬಾಯಿಂದ ಸಂಪಗಾಂವಕ್ಕೆ ಮುಟ್ಟಿತು. ಕದ್ದಿದ್ದಾರೆ ಎಂದು ಯಾರೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ.

ಇವು ಕಿತ್ತೂರ ಅರಮನೆಯಿಂದ ಬಂದವು ಎಂದು ತಾಯಿ ಹೇಳುತ್ತಿದ್ದರಂತೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ಈ ನಾಲ್ಕು ತಾಲೂಕುಗಳಲ್ಲಿ ಹಳೆಯ ಒಡವೆ ಇರುವ ಪ್ರತಿ ಮನೆಯವರೂ ಇದನ್ನೇ ಹೇಳುತ್ತಾರೆ. ಅವರು ಹೇಳುವುದೆಲ್ಲ ನಿಜವಾಗಿದ್ದರೆ ಆ ಕೋಟೆಯೊಳಗೆ ಒಡವೆ ಬಿಟ್ಟು ಮನುಷ್ಯರಿಗೆ ನಿಲ್ಲಲು ಜಾಗವಿರುತ್ತಿರಲಿಲ್ಲ.

ಆದರೆ ಡಬ್ಬಿ ತೆರೆದ ಮೇಲೆ ನನ್ನ ಕುಹಕ ನಿಂತಿತು. ಹತ್ತಿಯ ಮೇಲೆ ಒಂದು ಜೊತೆ ಬೆಂಡೋಲೆ. ಒಂದೊಂದರಲ್ಲೂ ನಡುವೆ ದೊಡ್ಡದೊಂದು ಹರಳು, ಸುತ್ತ ಹೂವಿನ ಎಸಳಿನಂತೆ ಆರು ಸಣ್ಣವು, ಹಿಂಬದಿ ಪೂರ್ತಿ ಬಂಗಾರದಿಂದ ಮುಚ್ಚಿದ್ದು. ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ತಿರುಗಿಸಿದೆ. ನಡುವಿನ ಹರಳು ಒಮ್ಮೆ ಕಣ್ಣು ಮುಚ್ಚಿ, ಒಮ್ಮೆ ತೆರೆಯಿತು. ಇಂಥ ಹರಳು ಕಂಡರೆ ನನಗೆ ಹಸಿವೆ ಮರೆತುಹೋಗುತ್ತದೆ.

ಇವತ್ತಿನ ವಜ್ರಕ್ಕೆ ಲೆಕ್ಕವನ್ನು ಕಂಪ್ಯೂಟರ್ ಹಾಕುತ್ತದೆ, ಯಂತ್ರ ಕೊಯ್ಯುತ್ತದೆ. ಸಾವಿರ ಹರಳು ಸಾಲಾಗಿ ಇಟ್ಟರೂ ಒಂದರ ಮುಖ ಇನ್ನೊಂದರ ಹಾಗೆ. ಹಿಂದಿನ ಕಾಲದಲ್ಲಿ ಕೈಯಿಂದ ಸಾಣೆ ಹಿಡಿದವನಿಗೆ ಆ ಸೌಕರ್ಯವಿರಲಿಲ್ಲ. ಕಲ್ಲು ಹೇಗೆ ಬಂದಿತ್ತೋ ಅದರ ಮರ್ಜಿ ಹಿಡಿದು ನಡೆಯಬೇಕಿತ್ತು, ತೂಕವನ್ನು ಆದಷ್ಟು ಉಳಿಸಬೇಕಿತ್ತು. ಹಾಗಾಗಿ ಹರಳು ಪೂರ್ತಿ ದುಂಡಗಿರುವುದಿಲ್ಲ, ಮೂಲೆ ಸವೆದ ಚೌಕದಂತಿರುತ್ತದೆ. ಮೇಲಿನ ಸಮತಟ್ಟು ಮುಖ ಚಿಕ್ಕದು, ಎದೆ ಎತ್ತರ, ಹೊಟ್ಟೆ ಆಳ. ಅಡಿಯ ತುದಿಯನ್ನು ಚೂಪಾಗಿ ಬಿಡದೆ ಸ್ವಲ್ಪ ಕತ್ತರಿಸಿರುತ್ತಾರೆ. ಮೇಲಿನಿಂದ ಭೂತಗನ್ನಡಿಯಲ್ಲಿ ನೋಡಿದರೆ ಆ ತುದಿ ನಟ್ಟನಡುವೆ ಸೂಜಿ ಚುಚ್ಚಿದ ತೂತಿನಂತೆ ಕಾಣುತ್ತದೆ. ಕೆಲವು ಅಂಗಡಿಯವರು ಅದನ್ನೇ ಕುಂದು ಎಂದು ಹೇಳಿ ಬೆಲೆ ಇಳಿಸುತ್ತಾರೆ. ನನಗೆ ಅದು ಕಂಡರೆ ಹಳೆಯ ಪರಿಚಯದವರು ಎದುರು ಸಿಕ್ಕಷ್ಟು ಖುಷಿ. ನಡುವಿನ ಎರಡೂ ಹರಳುಗಳಲ್ಲಿ ಅದು ಇತ್ತು.

ಸುತ್ತಲಿನ ಎಸಳುಗಳದು ರೋಜ್ ಕಟ್. ಅಡಿ ಚಪ್ಪಟೆ, ಮೇಲೆ ಸಣ್ಣ ಗುಮ್ಮಟ, ಗುಮ್ಮಟದ ತುಂಬ ತ್ರಿಕೋನದ ಮುಖಗಳು. ಹೊಟ್ಟೆಯಿಲ್ಲದ ಈ ಹರಳಿಗೆ ಒಳಗೆ ಬಂದ ಬೆಳಕನ್ನು ವಾಪಸು ಕಳಿಸುವ ಶಕ್ತಿ ಕಡಿಮೆ. ಅದಕ್ಕೇ ಹಿಂದಿನ ಪತ್ತಾರರು (ನಮ್ಮ ಕಡೆ ಅಕ್ಕಸಾಲಿಗರನ್ನು ಪತ್ತಾರರು ಎನ್ನುವುದು ರೂಢಿ) ಬಂಗಾರದ ಗೂಡಿನಲ್ಲಿ ಅರಗು ತುಂಬಿ, ಅರಗಿನ ಮೇಲೆ ಬೆಳ್ಳಿಯ ತೆಳು ಹಾಳೆ ಹಾಸಿ, ಅದರ ಮೇಲೆ ಹರಳನ್ನು ಕೂಡ್ರಿಸಿ, ಸುತ್ತಲಿನ ಬಂಗಾರದ ಅಂಚನ್ನು ಒತ್ತಿಬಿಡುತ್ತಿದ್ದರು. ಬೆಳ್ಳಿ ಹಾಳೆ ಕನ್ನಡಿಯ ಕೆಲಸ ಮಾಡುತ್ತದೆ. ಇಲ್ಲಿ ಆ ಎಸಳುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಪಾದರಸ ಹೋದ ಕನ್ನಡಿಯಂತೆ ಸಪ್ಪಗಿದ್ದವು. ರಾಮದುರ್ಗದ ಅಂಗಡಿಯಾತನಿಗೆ ಸಂಶಯ ಬಂದದ್ದರಲ್ಲಿ ಅತಿಶಯವಿರಲಿಲ್ಲ. ಸಂಶಯವನ್ನು ತೀರ್ಪು ಮಾಡಿ ಹೇಳಿದ್ದಕ್ಕೆ ಮಾತ್ರ ನನಗೆ ಅವನ ಮೇಲೆ ಸಿಟ್ಟು.

ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದು ಮೊದಲ ಬೆಂಡೋಲೆಯಿಂದ ಶುರು ಮಾಡಿದೆ. ವಜ್ರ ಪರೀಕ್ಷಿಸುವ ಯಂತ್ರವೆಂದರೆ ಪೆನ್ನಿನಂಥದು. ಅದರ ಕಾದ ಮೊನೆಯನ್ನು ಹರಳಿಗೆ ತಾಗಿಸಿದರೆ ವಜ್ರ ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ, ಆಗ ಯಂತ್ರ ಕೂಗುತ್ತದೆ. ಗಾಜು ಸುಮ್ಮನಿರುತ್ತದೆ. ಸಣ್ಣ ಹರಳಿನಲ್ಲಿ ಕೈ ಸ್ವಲ್ಪ ಜಾರಿದರೂ ಮೊನೆ ಬಂಗಾರಕ್ಕೆ ತಾಗಿ ಸುಳ್ಳು ಕೂಗು ಬರುತ್ತದೆ, ಆದ್ದರಿಂದ ಒಂದೊಂದನ್ನೂ ಹಲವು ಸಲ ಮುಟ್ಟಿ ನೋಡಬೇಕು. ನಡುವಿನದು ಕೂಗಿತು. ಮಬ್ಬು ಹಿಡಿದ ಎಸಳುಗಳೂ ಒಂದಾದ ಮೇಲೊಂದು ಕೂಗಿದವು. ನಾನು ತಲೆಯೆತ್ತಿ, ಇದರಲ್ಲಿ ಎಲ್ಲವೂ ವಜ್ರ ಎಂದೆ.

ನಾದಿನಿಯ ಮುಖ ಸಡಿಲವಾಗಲಿಲ್ಲ. ಲ್ಯಾಬಿನಲ್ಲಿ ಮಾಡಿದ ವಜ್ರಕ್ಕೂ ಈ ಯಂತ್ರ ಕೂಗುತ್ತದಂತಲ್ಲ ಎಂದರು. ಮೊಬೈಲಿನಲ್ಲಿ ನೋಡಿದ್ದರಂತೆ. ನನಗೆ ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಲ್ಯಾಬಿನದೂ ವಜ್ರವೇ. ಹಳೆಯ ಕಲ್ಲು ತೆಗೆದು ಹೊಸದು ಕೂಡ್ರಿಸಿದ್ದರೆ ಯಂತ್ರಕ್ಕೆ ಅದೇನೂ ತಿಳಿಯುವುದಿಲ್ಲ.

ಹಾಗಾದರೆ ಕಣ್ಣಿನಿಂದಲೇ ಹೇಳಬೇಕು. ಸೂಕ್ಷ್ಮದರ್ಶಕದ ಚಿತ್ರವನ್ನು ಪರದೆಗೆ ಹಾಕಿ ಇಬ್ಬರನ್ನೂ ಹತ್ತಿರ ಕರೆದೆ. ನಡುವಿನ ಖಾಲಿ ಕುರ್ಚಿಯಲ್ಲಿ ನಾನೇ ಕುಳಿತೆ. ಒಂದು ಎಸಳಿನ ತ್ರಿಕೋನಗಳು ಗುಮ್ಮಟದ ತುದಿಯಲ್ಲಿ ಒಂದೇ ಬಿಂದುವಿಗೆ ಕೂಡಿರಲಿಲ್ಲ, ಸ್ವಲ್ಪ ಆಚೀಚೆ ಆಗಿದ್ದವು. ಇನ್ನೊಂದರಲ್ಲಿ ಒಂದು ಮುಖ ದೊಡ್ಡದು, ಪಕ್ಕದ್ದು ಚಿಕ್ಕದು. ಮತ್ತೊಂದರ ಅಂಚಿನಲ್ಲಿ ಸಾಣೆ ಮುಟ್ಟದ ಕಲ್ಲಿನ ಮೂಲ ಚರ್ಮದ ಚೂರೊಂದು ಹಾಗೇ ಉಳಿದಿತ್ತು. ಯಂತ್ರ ಇಂಥ ತಪ್ಪು ಮಾಡುವುದಿಲ್ಲ ಎಂದು ನಾನು ವಿವರಿಸಿದೆ. ಬಣ್ಣ, ಶುದ್ಧಿ ಎಂದು ಜನ ಏನೇನೋ ಕೇಳುತ್ತಾರೆ. ಹಳೆಯ ಹರಳಿನಲ್ಲಿ ನಾನು ಮೊದಲು ಹುಡುಕುವುದು ಇಂಥ ಓರೆಕೋರೆಗಳನ್ನೇ. ಯಾರೋ ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಇದರ ಮುಂದೆ ಕುಳಿತಿದ್ದ ಎನ್ನುವುದು ಅಲ್ಲಿ ಕಾಣುತ್ತದೆ. ನಾದಿನಿ ಬಹಳ ಹೊತ್ತು ಪರದೆ ನೋಡಿದರು. ಕೊನೆಗೆ, ಒಂದರಂತೆ ಒಂದಿಲ್ಲ, ನಮ್ಮ ಮನೆಯ ಅಣ್ಣತಮ್ಮಂದಿರ ಹಾಗೆ ಎಂದರು. ವೈನಿ ಆ ದಿನ ಮೊದಲ ಸಲ ನಕ್ಕರು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎರಡನೆಯ ಬೆಂಡೋಲೆಯ ಎಸಳುಗಳನ್ನು ಮುಟ್ಟುತ್ತ ಬಂದೆ. ಕೊನೆಯ ಎಸಳಿಗೆ ಯಂತ್ರ ಕೂಗಲಿಲ್ಲ. ಮೊನೆ ಒರೆಸಿ ಮತ್ತೆ ಹಿಡಿದೆ. ಇಲ್ಲ. ಪಕ್ಕದ ಎಸಳಿಗೆ ಹಿಡಿದರೆ ಕೂಗಿತು, ಇದಕ್ಕೆ ಬಂದರೆ ಮೌನ. ಬ್ಯಾಟರಿ ಬದಲಿಸಿದೆ. ಹಣೆಬರಹ ಬದಲಾಗಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊತ್ತಾಯಿತು. ಆಕಾರ ಅದೇ, ಗುಮ್ಮಟ ಅದೇ, ತ್ರಿಕೋನಗಳೂ ಕೈಯಿಂದಲೇ ಕೊರೆದವು. ಆದರೆ ಮುಖ ಮುಖ ಕೂಡುವ ಗೆರೆಗಳು ಚೂಪಾಗಿರಲಿಲ್ಲ, ಬಳಸಿ ಬಳಸಿ ಸವೆದ ಹೊಸ್ತಿಲಿನಂತೆ ನುಣ್ಣಗಾಗಿದ್ದವು. ವಜ್ರ ಹೀಗೆ ಸವೆಯುವುದಿಲ್ಲ. ಅದು ಸ್ಫಟಿಕ.

ಮುಚ್ಚಿಡುವುದು ನನ್ನ ಸ್ವಭಾವವಲ್ಲ, ಇಬ್ಬರ ಎದುರಿಗೇ ಹೇಳಿದೆ. ನಾದಿನಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಒಂದಾದರೂ ಬದಲಿಯಾಗಿದೆ ಎಂದ ಹಾಗಾಯಿತಲ್ಲ ಎಂದು ಮೆಲ್ಲಗೆ ಅಂದರು. ವೈನಿಯ ಮುಖದಲ್ಲಿ ಈಗಷ್ಟೇ ಬಂದಿದ್ದ ನಗು ಎಲ್ಲಿ ಹೋಯಿತೋ.

"ಕೀಲಿ ನನ್ನ ಕಡೇನ ಇತ್ತು," ಅಂದರು. ಯಾರೂ ಕೇಳಿರಲಿಲ್ಲ, ತಾವಾಗಿಯೇ ಅಂದರು.

ನಾನು ಸವೆದ ಗೆರೆಗಳನ್ನು ತೋರಿಸಿ, ಈ ಸ್ಫಟಿಕ ನಿನ್ನೆ ಮೊನ್ನೆಯದಲ್ಲ, ಇಷ್ಟು ಸವೆಯಬೇಕಾದರೆ ಬಹಳ ಕಾಲ ಕಿವಿಯಲ್ಲಿ ಓಡಾಡಿರಬೇಕು ಎಂದೆ. ಎಷ್ಟು ವರ್ಷ ಎಂದು ನಾದಿನಿ ಕೇಳಿದರು. ಅಲ್ಲಿ ನಾನು ಸಿಕ್ಕಿಬಿದ್ದೆ. ಹರಳು ತನ್ನ ವಯಸ್ಸು ಹೇಳುವುದಿಲ್ಲ. ಅಷ್ಟೇ ಅಲ್ಲ, ಬೇರೆ ಯಾವುದೋ ಹಳೆಯ ಒಡವೆಯಿಂದ ಸವೆದ ಸ್ಫಟಿಕವನ್ನೇ ತಂದು ಕೂಡ್ರಿಸಲೂ ಬಹುದು. ಅದು ಅವರಿಗೂ ಹೊಳೆದಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಕಂಡದ್ದನ್ನು ಕಂಡ ಹಾಗೆ ಬರೆದು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು. ಒಂದು ಎಸಳು ಸ್ಫಟಿಕ, ಮಿಕ್ಕವೆಲ್ಲ ಹಳೆಯ ವಜ್ರ. ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಆದರೆ ಆ ಕಾಗದ ಹಿಡಿದು ವೈನಿ ಮತ್ತೆ ಸಂಪಗಾಂವಕ್ಕೆ ಹೋಗಿ, ಅದೇ ಅಡುಗೆಮನೆಯಲ್ಲಿ, ಬಂದುಹೋಗುವ ನೆಂಟರಿಗೆ ರೊಟ್ಟಿ ಬಡಿಯಬೇಕು. ಒಂದು ಹರಳು ಹೋಗಿದ್ದು ಯಾರ ಕಾಲದಲ್ಲಿ ಎಂದು ಜನ ತಮ್ಮ ತಮ್ಮ ಲೆಕ್ಕ ಹಾಕುತ್ತಲೇ ಇರುತ್ತಾರೆ.

ನನ್ನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಹಿಂಬದಿ ಮುಚ್ಚಿದ ಹಳೆಯ ಒಡವೆಯನ್ನು ಬೆಲೆ ಕಟ್ಟುವ ಸಲುವಾಗಿ ಎಂದೂ ಬಿಚ್ಚಿಸುವುದಿಲ್ಲ. ಮೊದಲು ಮಾಡಿದವನ ಕೈ ಹಾಗೇ ಉಳಿದಿರುವುದೇ ಅದರ ದೊಡ್ಡ ಮೌಲ್ಯ. ಎಷ್ಟೋ ಮಂದಿಗೆ ಬಿಚ್ಚಬೇಡಿ ಎಂದು ಕೈಮುಗಿದು ಹೇಳಿದ್ದೇನೆ. ಆ ದಿನ ನಾನೇ, ಬಿಚ್ಚಿಸಿ ನೋಡೋಣ ಎಂದೆ. ಹೇಳುವಾಗ ನನಗೇ ಒಂದು ಥರ ಆಯಿತು. ಆದರೆ ಒಡವೆಯ ಹಳೆತನ ಉಳಿಸಲು ಹೋಗಿ ಮನುಷ್ಯರ ಹೆಸರು ಕಳೆಯುವುದು ಯಾವ ನ್ಯಾಯ?

ಒಂದು ಷರತ್ತನ್ನೂ ಹಾಕಿದೆ. ಒಂದು ಎಸಳನ್ನಲ್ಲ, ಎರಡನ್ನು ಬಿಚ್ಚಬೇಕು. ಸ್ಫಟಿಕದ್ದೊಂದು, ಅದರ ಪಕ್ಕದ ವಜ್ರದ್ದೊಂದು. ಸ್ಫಟಿಕದ್ದನ್ನಷ್ಟೇ ಬಿಚ್ಚಿದರೆ ಒಳಗೆ ಏನು ಕಂಡರೂ ಅದು ಯಾವುದಕ್ಕೂ ಸಾಕ್ಷಿಯಾಗುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಕೂಡ್ರಿಸಿದ ಕೈ ಒಂದೋ ಎರಡೋ ತಿಳಿಯುತ್ತದೆ. ರೋಜ್ ಕಟ್ ಹರಳಿನ ಅಂಚು ತೆಳ್ಳಗಿರುತ್ತದೆ, ತೆಗೆಯುವಾಗ ಚೂರಾಗಲೂಬಹುದು ಎಂದೂ ಹೇಳಿದೆ. ನಾದಿನಿ ಹಿಂಜರಿದರು. ಏನೇ ಆದರೂ ತಾಯಿಯ ಒಡವೆ.

ವೈನಿ ಹಿಂಜರಿಯಲಿಲ್ಲ. "ತಗಸ ತಂಗೆವ್ವಾ. ಒಡದ್ರ ಒಡೀಲಿ. ಹರಳ ಒಡದ್ರ ಮತ್ತೊಂದ ತರಬಹುದು. ನಾ ಸತ್ತ ಮ್ಯಾಲೂ ಈ ಮಾತ ಮನ್ಯಾಗ ಉಳೀಬಾರದು."

ಮರುದಿನ ಕಿತ್ತೂರಿಗೆ ಹೋದೆವು. ಅಲ್ಲಿನ ಪತ್ತಾರರೊಬ್ಬರು ಮುಚ್ಚಿದ ಗೂಡಿನ ಕೆಲಸವನ್ನು ಇನ್ನೂ ಬಿಟ್ಟಿಲ್ಲ. ಬಿಡದಿರುವುದಕ್ಕೆ ಕಾರಣ ಅಭಿಮಾನ ಎಂದು ಅವರು ಹೇಳುತ್ತಾರೆ, ಹಟ ಎಂದು ಅವರ ಹೆಂಡತಿ ಹೇಳುತ್ತಾರೆ. ಬೆಂಡೋಲೆ ನೋಡಿದ್ದೇ ಅವರು ನನ್ನನ್ನು ಬೈದರು. ಬಿಚ್ಚಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವರೇ ಬಿಚ್ಚಿಸಲು ಬಂದರೆ ಹೇಗೆ ಎಂದರು. ವಿಷಯ ತಿಳಿದ ಮೇಲೆ ಸುಮ್ಮನಾದರು. ಇಬ್ಬರೂ ಹೆಣ್ಣುಮಕ್ಕಳು ಎದುರಿಗೆ ಕುಳಿತರೆ ಮಾತ್ರ ಕೈ ಹಚ್ಚುತ್ತೇನೆ, ಆಮೇಲೆ ನಾನು ಬದಲಿ ಮಾಡಿದೆ ಎನ್ನುವ ಮಾತು ನನಗೆ ಬೇಡ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಚಾಪೆ ಹಾಸಿ ಇಬ್ಬರನ್ನೂ ಎದುರಿಗೇ ಕೂಡ್ರಿಸಿದರು.

ಒಂದು ಕೋಲಿನ ತುದಿಯ ಅರಗನ್ನು ಕಾಯಿಸಿ, ಬೆಂಡೋಲೆಯನ್ನು ಅದಕ್ಕೆ ಕಚ್ಚಿಸಿ, ಆರಲು ಬಿಟ್ಟರು. ಒಡವೆ ಅಲುಗಬಾರದಲ್ಲ, ಅದಕ್ಕೆ. ನಂತರ ಉಕ್ಕಿನ ಸಣ್ಣ ಮೊನೆಯಿಂದ ಎಸಳಿನ ಸುತ್ತಲಿನ ಬಂಗಾರದ ಅಂಚನ್ನು ಎಬ್ಬಿಸತೊಡಗಿದರು. ಒಂದು ಸಲಕ್ಕೆ ಕೂದಲೆಳೆಯಷ್ಟು. ಒಂದು ಸುತ್ತು ಬಂದು ನಿಲ್ಲುವುದು, ಮತ್ತೊಂದು ಸುತ್ತು. ಅವಸರ ಮಾಡಿದರೆ ಅಂಚು ಹರಿಯುತ್ತದೆ, ಹರಿದರೆ ಮತ್ತೆ ಮುಚ್ಚಲು ಬಂಗಾರ ಸಾಲುವುದಿಲ್ಲ. ಮೊದಲು ವಜ್ರದ ಎಸಳಿಗೇ ಕೈ ಹಚ್ಚಲು ನಾನು ಹೇಳಿದ್ದೆ. ಅಂಚೆಲ್ಲ ಎದ್ದ ಮೇಲೂ ಹರಳು ಮೇಲೆ ಬರಲಿಲ್ಲ. ಮೊನೆಯನ್ನು ಅಡಿಗೆ ತೂರಿಸಿ ಮೀಟಿದರು. ಟಿಕ್ ಎಂದಿತು.

ನಾದಿನಿ ವೈನಿಯ ಮೊಣಕೈ ಹಿಡಿದುಕೊಂಡಿದ್ದರು, ಹಿಡಿದದ್ದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಪತ್ತಾರರು ಚಿಮಟದಿಂದ ಹರಳನ್ನು ಎತ್ತಿ ನನ್ನ ಭೂತಗನ್ನಡಿಯ ಕೆಳಗಿಟ್ಟರು. ಹರಳು ಇಡಿಯಾಗಿತ್ತು. ಮುರಿದದ್ದು ಒಣಗಿದ ಅರಗಿನ ಚೂರು. ಸ್ಫಟಿಕದ್ದು ಅಷ್ಟು ಕಾಡಲಿಲ್ಲ.

ಎರಡೂ ಗೂಡುಗಳನ್ನು ಪಕ್ಕಪಕ್ಕ ನೋಡಿದೆ. ಅರಗು ಒಂದೇ, ಅದಕ್ಕೆ ಬೆರೆಸಿದ ಇಟ್ಟಿಗೆ ಪುಡಿಯ ಕೆಂಪೂ ಒಂದೇ. ಬೆಳ್ಳಿ ಹಾಳೆ ಎರಡರಲ್ಲೂ ಕಪ್ಪಾಗಿತ್ತು. ಪತ್ತಾರರು ಸೂಜಿಯಿಂದ ಆ ಹಾಳೆಗಳನ್ನು ಬಿಡಿಸಿ ಬಿಳಿ ಕಾಗದದ ಮೇಲಿಟ್ಟಾಗ ಒಂದು ಸಂಗತಿ ಕಂಡಿತು. ಎರಡೂ ಹಾಳೆಗಳಲ್ಲಿ ಒಂದು ಮೂಲೆಯನ್ನು ಒಳಗೆ ಮಡಚಿದ್ದರು, ಒಂದೇ ಬದಿಗೆ, ಒಂದೇ ಅಳತೆಗೆ. ಹಾಗೆ ಮಡಚುವ ಅಗತ್ಯವೇನೂ ಇಲ್ಲ. ಅದು ಆ ಕೆಲಸಗಾರನ ಕೈಚಾಳಿ, ಒಬ್ಬೊಬ್ಬರು ವೀಳ್ಯದೆಲೆ ಮಡಚುವಾಗ ತೊಟ್ಟನ್ನು ಒಂದೇ ಕಡೆ ಮುರಿಯುತ್ತಾರಲ್ಲ ಹಾಗೆ. ವಜ್ರವನ್ನು ಕೂಡ್ರಿಸಿದವನೇ ಸ್ಫಟಿಕವನ್ನೂ ಕೂಡ್ರಿಸಿದ್ದ. ಬೆಂಡೋಲೆ ಹುಟ್ಟಿದ ದಿನದಿಂದ ಆ ಸ್ಫಟಿಕ ಅಲ್ಲೇ ಇತ್ತು. ಒಂದು ವಜ್ರ ಕಡಿಮೆ ಬಿದ್ದಿತ್ತೋ, ಮಾಡಿಸಿದ ಯಜಮಾನರ ಕೈ ಬಿಗಿಯಿತ್ತೋ, ಈಗ ಹೇಳುವವರು ಯಾರೂ ಇಲ್ಲ.

ನಾನು ಇದನ್ನು ಹೇಳುವಾಗ ವೈನಿಯ ಕಡೆಗೇ ತಿರುಗಿ ಹೇಳಿದೆ. ಅವರು ಅಳಲಿಲ್ಲ. ಬಹಳ ಹೊತ್ತು ಹೊತ್ತ ಕೊಡವನ್ನು ಇಳಿಸಿದವರಂತೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಟ್ಟು ಕುಳಿತರು.

ಉಳಿದದ್ದು ಮಬ್ಬಿನ ಪ್ರಶ್ನೆ. ಬೆಳ್ಳಿ ತಾನಾಗಿ ಇಷ್ಟು ಕಪ್ಪಾಗುವುದಿಲ್ಲ, ನೀರು ಹೋಗಿರಬೇಕು. ಗೂಡಿನ ಗೋಡೆಗೆ ಹಳದಿ ಬಣ್ಣದ ಗಟ್ಟಿ ಕೆಸರೂ ಅಂಟಿತ್ತು. ಪತ್ತಾರರು ಅದನ್ನು ಕೆರೆದು ಉಗುರಿನ ಮೇಲಿಟ್ಟು ಮೂಸಿದರು, ನನಗೂ ಮೂಸಲು ಕೊಟ್ಟರು. ಅರಿಶಿಣ. ಹೇಗೆ ತೊಳೆಯುತ್ತೀರಿ ಎಂದು ವೈನಿಯನ್ನು ಕೇಳಿದೆ. ನಾನು ಎಂದೂ ನೀರು ತಾಗಿಸಿಲ್ಲ, ಒಣ ಮಲ್ಲಿನ ಬಟ್ಟೆಯಿಂದ ಒರೆಸಿ ಇಡುತ್ತಿದ್ದೆ ಎಂದರು. ಮತ್ತೆ ಅರಿಶಿಣ ಎಲ್ಲಿಂದ ಬಂತು?

ವೈನಿ ಸ್ವಲ್ಪ ಯೋಚಿಸಿ, ಮದುವೆಗೆ ಎರವು ಕೊಡುತ್ತಿದ್ದೆವಲ್ಲ ಎಂದರು. ಅವರ ಮನೆಯ ಪದ್ಧತಿ ಅದು. ಓಣಿಯಲ್ಲಿ, ಬಳಗದಲ್ಲಿ ಯಾವ ಹೆಣ್ಣುಮಗಳ ಮದುವೆಯಾದರೂ ಈ ಬೆಂಡೋಲೆ ಅವಳ ಕಿವಿಗೆ ಹೋಗುತ್ತಿತ್ತು. ಇದನ್ನು ಇಟ್ಟುಕೊಳ್ಳದೆ ಅಕ್ಷತೆ ಬೀಳಿಸಿಕೊಂಡವಳು ಆ ಓಣಿಯಲ್ಲಿ ಇಲ್ಲವಂತೆ. ಒಯ್ದವರು ಮದುವೆ ಮುಗಿದ ಮೇಲೆ ಮೈಲಿಗೆಯಲ್ಲಿ ವಾಪಸು ಕೊಡುತ್ತಾರೆಯೇ? ಅಂಟವಾಳಕಾಯಿಯ ನೊರೆನೀರಿನಲ್ಲಿ ನೆನೆಸಿ, ಉಜ್ಜಿ, ಅರಿಶಿಣ ಕುಂಕುಮ ಹಚ್ಚಿ, ಬ್ಲೌಸ್ ಪೀಸಿನಲ್ಲಿಟ್ಟು ತಂದುಕೊಡುವುದು ಮರ್ಯಾದೆ. ಸವೆದ ಬಂಗಾರದ ಅಂಚಿನ ಸಂದಿಯಿಂದ ಆ ನೀರು ಪ್ರತಿ ಮದುವೆಗೂ ಸ್ವಲ್ಪ ಸ್ವಲ್ಪ ಒಳಗೆ ಇಳಿದಿತ್ತು. ಬೆಂಡೋಲೆಯನ್ನು ಕೆಡಿಸಿದ್ದು ಯಾರ ದುರಾಸೆಯೂ ಅಲ್ಲ, ಊರಿನ ಮರ್ಯಾದೆ.

ನಾದಿನಿ ನೆಲ ನೋಡುತ್ತಿದ್ದರು. "ನನ್ನ ಮದವ್ಯಾಗ ನಾನೂ ತೊಳದ ಕೊಟ್ಟೇನಿ," ಅಂದರು. "ಅರಿಶಿಣ ಭಾಳ ಹತ್ತಿತ್ತಂತ ಸಂಜಿತನಕಾ ನೆನಿ ಇಟ್ಟಿದ್ದೆ. ಅವ್ವ ನೋಡಿ ಶಾಣ್ಯಾಕಿ ಅಂದಿದ್ದಳು."

ಪತ್ತಾರರು ನಕ್ಕುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಆಗ ವೈನಿ ಮಾತಾಡಿದರು. ಅಷ್ಟು ಹೊತ್ತಿನಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ನಂದೂ ಒಂದ ತಪ್ಪೈತಿ ತಂಗಿ. ನೀ ರಾಮದುರ್ಗದಿಂದ ಬಂದ ಆ ಮಾತ ಹೇಳಿದಾಗಿಂದ ನಾ ಎರವು ಒಯ್ದಾವ್ರ ಮುಖಾ ಒಬ್ಬೊಬ್ಬರದ ನೆನಸಾಕ ಹತ್ತಿದ್ದೆ. ಯಾರ ಮಾಡಿದ್ದಾರು, ಯಾರ ಮನಿ ಕಷ್ಟದಾಗಿತ್ತು ಅಂತ. ಎದರಿಗೆ ಬಂದ್ರ ನಕ್ಕ ಮಾತಾಡಾಕೂ ಆಗವಲ್ದಾಗಿತ್ತು. ನಿಮ್ಮೆಲ್ಲಾರ ಅನುಮಾನ ಒಬ್ಬಾಕಿ ಮ್ಯಾಲ ಇತ್ತು. ನನ್ನದು ಇಡೀ ಓಣಿ ಮ್ಯಾಲ ಇತ್ತು."

ನಾದಿನಿ ವೈನಿಯ ಕೈ ಹಿಡಿದು ಹಾಗೇ ಕುಳಿತರು. ನಾನೂ ಪತ್ತಾರರೂ ಕೆಲಸವಿಲ್ಲದಿದ್ದರೂ ಹರಳುಗಳನ್ನು ಇನ್ನೊಮ್ಮೆ ನೋಡಿದೆವು.

ಹಾಳೆಗಳೆಲ್ಲ ಕೆಟ್ಟಿದ್ದರಿಂದ ಮಿಕ್ಕ ಎಸಳುಗಳನ್ನೂ ಬಿಚ್ಚಿ ಹೊಸ ಬೆಳ್ಳಿ ಹಾಕುವುದೇ ಸರಿ ಎಂದು ಒಪ್ಪಿದೆವು. ನಡುವಿನ ಎರಡು ಹರಳುಗಳನ್ನು ಮುಟ್ಟಬಾರದೆಂದು ನಾನು ಹಟ ಹಿಡಿದೆ, ಅವುಗಳಿಗೆ ತಮ್ಮದೇ ಆಳದ ಹೊಟ್ಟೆಯ ಬಲವಿತ್ತು. ಬಿಚ್ಚಿದ್ದರಿಂದ ನನಗೂ ಒಂದು ಲಾಭವಾಯಿತು. ಮುಚ್ಚಿದ ಗೂಡಿನ ಹರಳನ್ನು ತೂಗಲು ಬರುವುದಿಲ್ಲ, ಅಗಲ ಅಳೆದು ಅಂದಾಜು ಬರೆಯಬೇಕು. ಈ ಸಲ ಎಸಳುಗಳನ್ನು ತಕ್ಕಡಿಯಲ್ಲೇ ಇಟ್ಟು ನೋಡಿದೆ. ನನ್ನ ಅಂದಾಜು ಬಹುತೇಕ ಸರಿಯಾಗಿತ್ತು, ಆ ದಿನವೆಲ್ಲ ನನ್ನ ನಡಿಗೆಯಲ್ಲಿ ಸ್ವಲ್ಪ ಗತ್ತಿತ್ತು. ಸ್ಫಟಿಕದ ಜಾಗಕ್ಕೆ ವಜ್ರ ಹಾಕುತ್ತೀರಾ ಎಂದು ಪತ್ತಾರರು ಕೇಳಿದರು. ಇಷ್ಟು ದಿನ ವಜ್ರಗಳ ಸಾಲಿನಲ್ಲಿ ಕುಳಿತು ಯಾರಿಗೂ ಗೊತ್ತಾಗದ ಹಾಗೆ ಸಂಸಾರ ಮಾಡಿದೆ, ಅದನ್ನು ಈಗ ಎಬ್ಬಿಸುವುದು ಬೇಡ ಎಂದು ವೈನಿಯೇ ಹೇಳಿದರು. ನನ್ನ ಕಾಗದದಲ್ಲೂ ಅದನ್ನು ಸ್ಫಟಿಕವೆಂದೇ, ಮೂಲದಿಂದ ಇದ್ದದ್ದೆಂದೇ ಬರೆದೆ.

ಕೆಲಸ ಮುಗಿದ ಮೇಲೆ ನಾನೇ ಸಂಪಗಾಂವದ ಮನೆಗೆ ಹೋದೆ. ನಾದಿನಿಯೂ ಬಂದಿದ್ದರು. ಅಂಗಳದ ಬಿಸಿಲಿನಲ್ಲಿ ಬೆಂಡೋಲೆ ಚೆನ್ನಾಗಿಯೇ ಕಂಡಿತು, ಆದರೆ ಅದನ್ನು ನೋಡಬೇಕಾದ ಜಾಗ ಅದಲ್ಲ. ಇಬ್ಬರನ್ನೂ ದೇವರ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಎಣ್ಣೆದೀಪ ಒಂದನ್ನೇ ಇಡಿಸಿದೆ. ಅಂಗಡಿಯ ಬಿಳಿ ಬೆಳಕಿನಲ್ಲಿ ಇವತ್ತಿನ ಹರಳು ಚಿಟಪಟ ಎಂದು ಕಿಡಿ ಹಾರಿಸುತ್ತದೆ. ಹಳೆಯ ಹರಳನ್ನು ಕೊರೆದವನು ಅಂಥ ಬೆಳಕು ಕಂಡವನಲ್ಲ, ದೀಪದ ಕುಡಿಗೆಂದು ಕೊರೆದವನು. ಕುಡಿ ಸ್ವಲ್ಪ ಅಲುಗಿದಾಗ ನಡುವಿನ ಹರಳಿನಿಂದ ಕೆಂಪು ಹೋಗಿ ನೀಲಿ, ನೀಲಿ ಹೋಗಿ ಕೆಂಪು, ನಿಧಾನವಾಗಿ ಬಂದವು. ಸುತ್ತಲಿನ ಎಸಳುಗಳು ನೀರಿನ ಮೇಲಿನ ಬೆಳಕಿನಂತೆ ತೆಳ್ಳಗೆ ಮಿನುಗಿದವು. ಸ್ಫಟಿಕದ್ದು ಯಾವುದು ಎಂದು ನನಗೂ ತಕ್ಷಣ ಹೇಳಲಾಗಲಿಲ್ಲ. ಇಂಥ ಹೊತ್ತಿಗಾಗಿ ನಾನು ಈ ಕೆಲಸದಲ್ಲಿದ್ದೇನೆ. ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ನಾದಿನಿ ಬೆಂಡೋಲೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಡಬ್ಬಿಯನ್ನು ವೈನಿಯ ಕೈಯಲ್ಲಿಟ್ಟರು.

"ಇದು ಈ ಕಪಾಟಿನ್ಯಾಗ ಇರಲಿ ವೈನಿ, ನಿಮ್ಮ ಕೀಲಿ ಒಳಗ. ಮುಂದಿನ ವರ್ಷ ನನ್ನ ಮಗಳ ಮದವಿ ಮಾಡೋರದೇವಿ. ಆವಾಗ ಎಲ್ಲಾರಂಗ ನಾನೂ ಎರವು ಕೇಳಾಕ ಬರತೇನಿ. ಕೊಡತೀರಲ್ಲ?"

ವೈನಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಒಂದು ಕ್ಷಣ ನಾದಿನಿಯ ಮುಖವನ್ನೇ ನೋಡಿದರು.

"ಕೊಡತೇನಿ," ಅಂದರು. "ಆದ್ರ ತೊಳದ ತರಬ್ಯಾಡ."